ಯುಗಾದಿ ಚಂದ್ರನಿಗೂ ಟಿಕೆಟ್

ಶುಕ್ರವಾರ ಬೆಳಕು ಹರಿಯುವ ಮೊದಲೇ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಮನೆ ಮುಂದೆ ಕಾರಿನ ಡಿಕ್ಕಿ ತೆರೆದುಕೊಂಡು ನಿಂತಿದ್ದೆ. ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ ಲಲಿತಮ್ಮನವರು, ಒಳಗಿನಿಂದ ಒಂದೊಂದೇ ಸಾಮಾನು ತಂದುಕೊಡುತ್ತಿದ್ದರು. ಎಣ್ಣೆ ಬಾಟಲಿ, ಸೀಗೆಪುಡಿ, ಬೇವಿನ ಪುಡಿ, ಬೆಲ್ಲದ ಅಚ್ಚು, ಚೀಲದ ತುಂಬ ಮಾವಿನಕಾಯಿ, ಕೊನೆಗೆ ಒಂದು ಮರದ ಮಣೆ. ಮಣೆ ಯಾಕೆ ಎಂದು ಕೇಳಿದೆ.

"ಹಬ್ಬದ ದಿನ ಎಣ್ಣೆ ಸ್ನಾನಕ್ಕೆ ಯಾತರ ಮೇಲೆ ಕೂತ್ಕೊಳೋದು ಅಳಿಯಂದಿರೇ?" ಎಂದರು.

ಸಾವಿರ ಕಿಲೋಮೀಟರ್ ದೂರದ ಮರುಭೂಮಿಗೆ ಮಣೆ ಹೊತ್ತುಕೊಂಡು ಹೊರಟವರು ಆಸ್ಟ್ರೇಲಿಯಾದಲ್ಲಿ ನಾವೇ ಮೊದಲಿಗರಿರಬೇಕು. ಮಣೆಯನ್ನು ಟೆಂಟಿನ ಮೇಲಿಟ್ಟು ಡಿಕ್ಕಿ ಒತ್ತಿ ಮುಚ್ಚಿದೆ.

ನಾವು ಹೊರಟದ್ದು ಚಂದ್ರನನ್ನು ನೋಡುವುದಕ್ಕೆ. ಅದರ ಹಿಂದಿನ ಕಥೆ ಹೇಳಿಬಿಡುತ್ತೇನೆ. ಅತ್ತೆ ಮದುವೆಯಾಗಿ ಬಂದಾಗಿನಿಂದ ಮೈಸೂರಿನ ಒಂದು ವಠಾರದಲ್ಲಿದ್ದವರು. ಒಂದೇ ಅಂಗಳ, ಒಂದೇ ನಲ್ಲಿ, ಸಾಲಾಗಿ ಮನೆಗಳು. ಮಾವನವರು ತೀರಿಹೋದ ಮೇಲೂ ಒಂಟಿತನ ಎಂದರೇನೆಂದು ಅವರಿಗೆ ತಿಳಿಯಲಿಲ್ಲ. ತಿಳಿಯುವುದಕ್ಕೆ ವಠಾರದವರು ಬಿಡಲಿಲ್ಲ. ಈಗ ಆ ಜಾಗ ಮಾರಾಟವಾಗಿತ್ತು. ಅಪಾರ್ಟ್‌ಮೆಂಟ್ ಏಳುವುದಿತ್ತು, ಎಲ್ಲರೂ ಮನೆ ಖಾಲಿ ಮಾಡಬೇಕಿತ್ತು. ನನ್ನ ಹೆಂಡತಿ ಸುಮ ಅವರಿಗೆ ಒಬ್ಬಳೇ ಮಗಳು. ಅಮ್ಮನನ್ನು ಸಿಡ್ನಿಯಲ್ಲೇ ಇಟ್ಟುಕೊಳ್ಳಬೇಕು, ಪೇರೆಂಟ್ ವೀಸಾಗೆ ಅರ್ಜಿ ಹಾಕಬೇಕು ಎಂದು ಅವಳ ಹಟ. ಅದಕ್ಕೆ ಅತ್ತೆ ಒಂದು ಸಲ ಹೂಂ ಅನ್ನಬೇಕು, ಅಷ್ಟೇ. ಅವರು ಉಹೂಂ ಎನ್ನುತ್ತಿರಲಿಲ್ಲ, ಹೂಂ ಎನ್ನುತ್ತಲೂ ಇರಲಿಲ್ಲ. ಈ ಸಲದ ವಿಸಿಟರ್ ವೀಸಾ ಮುಗಿಯುತ್ತ ಬಂದಿತ್ತು.

ಒಂದು ದಿನ ಊಟಕ್ಕೆ ಕೂತಾಗ ಸುಮ ನೇರವಾಗಿ ಕೇಳಿಬಿಟ್ಟಳು. ಅತ್ತೆ ಸಾರು ಕಲಸುತ್ತಲೇ, "ಯುಗಾದಿ ಚಂದ್ರ ಕಾಣದಿರೋ ಊರಲ್ಲಿ ನಾನು ಹೇಗೆ ಇರ್ಲಮ್ಮ?" ಎಂದರು. ವಠಾರದಲ್ಲಿ ಯುಗಾದಿ ಸಂಜೆ ಎಲ್ಲರೂ ಮಹಡಿ ಹತ್ತಿ ಒಟ್ಟಿಗೆ ಚಂದ್ರನನ್ನು ನೋಡಿ, ಆಮೇಲೆ ಕಿರಿಯರೆಲ್ಲ ಹಿರಿಯರಿಗೆ ನಮಸ್ಕಾರ ಮಾಡುತ್ತಿದ್ದರು. ಅತ್ತೆ ಆ ಮಾತನ್ನು ಸುಮ್ಮನೆ ಆಡಿದರೋ, ಮನಸ್ಸಿನಿಂದ ಆಡಿದರೋ ಗೊತ್ತಿಲ್ಲ. ಸುಮ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

"ತೋರಿಸಿದ್ರೆ ಇರ್ತೀಯಾ?"

"ಮೊದ್ಲು ತೋರ್ಸು."

ಹೇಳುವುದು ಸುಲಭ. ಹಿಂದಿನ ಅಮಾವಾಸ್ಯೆ ಕಳೆದ ಮೇಲೆ ಪರೀಕ್ಷೆಗೆಂದು ನಾನು ಏಣಿ ಹಾಕಿ ಗ್ಯಾರೇಜಿನ ಮೇಲೆ ಹತ್ತಿದೆ. ಪಕ್ಕದ ಮನೆಯ ಎರಡನೇ ಅಂತಸ್ತು ಕಂಡಿತು, ಅದರಾಚೆ ನೀಲಗಿರಿ ಮರಗಳು ಕಂಡವು, ಅನುಮಾನದಿಂದ ನನ್ನನ್ನೇ ನೋಡುತ್ತಿದ್ದ ಪಕ್ಕದ ಮನೆಯಾತ ಕಂಡ. ಚಂದ್ರ ಕಾಣಲಿಲ್ಲ. ಆಗಲೇ ನನಗೆ ಆ ಪಾರ್ಕು ನೆನಪಾದದ್ದು.

ಪಾರ್ಕೆಂದರೆ ಹೂವಿನ ಗಿಡ, ಜಾರುಬಂಡೆ ಎಂದುಕೊಳ್ಳಬೇಡಿ. ಸಿಡ್ನಿಯಿಂದ ಪಶ್ಚಿಮಕ್ಕೆ, ಮೆಲ್ಬರ್ನಿನಿಂದ ಉತ್ತರಕ್ಕೆ, ಕೆಂಪು ಮಣ್ಣಿನ ಒಣನಾಡಿನಲ್ಲಿ ಬತ್ತಿಹೋಗಿ ಸಾವಿರಾರು ವರ್ಷವಾದ ಒಂದು ಕೆರೆಯಿದೆ. ಅದರ ಪೂರ್ವದ ದಂಡೆಯುದ್ದಕ್ಕೂ ಗಾಳಿಯೇ ಕಟ್ಟಿದ ಮರಳಿನ ದಿಬ್ಬವಿದೆ. ದಿಬ್ಬದ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ಭೂಮಿ ಮುಗಿಯುವ ತನಕ ಒಂದು ಮರ ಅಡ್ಡ ಬರುವುದಿಲ್ಲ. ಐದು ವರ್ಷದ ಹಿಂದೆ ನಾನೂ ಗೆಳೆಯ ಪ್ರಕಾಶನೂ ಅಲ್ಲಿಗೆ ಹೋಗಿದ್ದೆವು. ಬಾಗಿಲಲ್ಲಿ ಕಾವಲಿರಲಿಲ್ಲ. ಒಂದು ತಗಡಿನ ಡಬ್ಬಿಯಿತ್ತು, ಕಾರಿಗೆ ಇಷ್ಟು ಎಂದು ಬರೆದಿತ್ತು, ಚಿಲ್ಲರೆ ಹಾಕಿ ಒಳಗೆ ಹೋದೆವು. ಎರಡು ದಿನದಲ್ಲಿ ಅಲ್ಲಿ ಕಂಡ ಮನುಷ್ಯರು ಮೂವರು, ಅದರಲ್ಲಿ ಇಬ್ಬರು ನಾವೇ. ಪಾರ್ಕಿನ ಹೆಸರು ಬೇಕೆಂದೇ ಬರೆಯುತ್ತಿಲ್ಲ. ಹುಡುಕುವವರು ಹೇಗೂ ಹುಡುಕಿಕೊಳ್ಳುತ್ತಾರೆ.

ಆ ವರ್ಷ ಯುಗಾದಿ ಶನಿವಾರ ಬಿದ್ದಿತ್ತು. ಶಾಲೆಯ ರಜೆ ಶುರುವಾಗುವ ವಾರಾಂತ್ಯವೂ ಅದೇ. ನಾನು ಶುಕ್ರವಾರ, ಸೋಮವಾರ ಎರಡೂ ರಜೆ ಹಾಕಿದೆ. ಮಗಳು ಅನನ್ಯಾಗೆ ಒಂಬತ್ತು ವರ್ಷ. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ದಿನದ ಶಾಲೆ ತಪ್ಪುತ್ತದೆಂದು ತಿಳಿದಾಗಿನಿಂದ ಚಂದ್ರನ ವಿಷಯದಲ್ಲಿ ಅವಳಿಗೆ ವಿಪರೀತ ಭಕ್ತಿ ಬಂದಿತ್ತು.

ಕಾರು ಹೈವೇ ಹಿಡಿದಾಗ ನನ್ನ ಮೈಯಲ್ಲಿ ಹುರುಪು ತುಂಬಿತ್ತು. ಐದು ವರ್ಷದಿಂದ ಸಬರ್ಬ್, ಟ್ರೇನು, ಆಫೀಸು, ಮಾರ್ಟ್‌ಗೇಜ್ ಎಂದು ಸುತ್ತುತ್ತಿದ್ದವನು ಮತ್ತೆ ಆ ನಿಶ್ಶಬ್ದಕ್ಕೆ ಹೊರಟಿದ್ದೆ. ಗೌಲ್ಬರ್ನ್‌ನಲ್ಲಿ ಕಾಫಿ, ಗುಂಡಗೈ ದಾಟಿ ಬಲಕ್ಕೆ ತಿರುಗಿ ವಾಗಾ ವಾಗಾ ಎಂಬ ಊರಿನಲ್ಲಿ ಬುತ್ತಿ ಬಿಚ್ಚಿ ಮೊಸರನ್ನ. ಪೆಟ್ರೋಲ್ ಲೀಟರಿಗೆ ಒಂದು ಡಾಲರ್ ದಾಟಿತ್ತು, ಒಳನಾಡಿಗೆ ಹೋದಂತೆ ಇನ್ನೂ ಏರುತ್ತಿತ್ತು. ಮುಂದಿನ ಸೀಟಿನಲ್ಲಿ ಕೂತ ಅತ್ತೆಗೆ ಬೆಟ್ಟ, ಕುರಿ, ಗೋಧಿ ಹೊಲ ಯಾವುದೂ ಬೇಡ. ಅವರದು ಒಂದೇ ಪ್ರಶ್ನೆ.

"ಅಳಿಯಂದಿರೇ, ಈ ಊರಲ್ಲಿ ಜನ ಎಲ್ಲಿರ್ತಾರೆ?"

"ಮನೆ ಒಳಗಿರ್ತಾರೆ ಅತ್ತೆ."

"ಎಲ್ರೂನಾ? ಇಡೀ ದಿನಾನಾ?"

ಕ್ವೇಕರ್ಸ್ ಹಿಲ್‌ನಲ್ಲೂ ಅವರು ಹಾಗೆಯೇ. ನಾವು ಕೆಲಸಕ್ಕೆ ಹೋದ ಮೇಲೆ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ರಸ್ತೆಯಲ್ಲಿ ಯಾರೂ ಬರುತ್ತಿರಲಿಲ್ಲ. ಅಂಚೆಯವನು ಸ್ಕೂಟರಿನಲ್ಲಿ ಬಂದರೆ ಕೈ ಬೀಸುತ್ತಿದ್ದರು. ವಾರಕ್ಕೊಮ್ಮೆ ಕಸದ ಲಾರಿ ಬರುವ ದಿನ ಅವರಿಗೆ ಹಬ್ಬ. ನಾನು ಅದನ್ನು ತಮಾಷೆ ಮಾಡುತ್ತಿದ್ದೆ, ಸುಮ ಮಾಡುತ್ತಿರಲಿಲ್ಲ.

ನರಾಂಡೆರಾ ಎಂಬ ಊರು ದಾಟಿದ ಮೇಲೆ ರಸ್ತೆ ಬದಿಯಲ್ಲಿ ಒಂದು ದೊಡ್ಡ ಫಲಕ ಕಂಡಿತು. ಮುಂದೆ ಹಣ್ಣಿನ ತೋಟಗಳ ಪ್ರದೇಶ, ಹಣ್ಣುನೊಣದ ಭಯ, ಯಾವ ಹಣ್ಣು ಕಾಯಿಯನ್ನೂ ಒಳಗೆ ಒಯ್ಯುವಂತಿಲ್ಲ, ಒಯ್ದರೆ ದಂಡ. ಕೆಳಗೆ ಒಂದು ಕಸದ ಡಬ್ಬ. ನಾನು ಗಕ್ಕನೆ ಕಾರು ನಿಲ್ಲಿಸಿದೆ. ಡಿಕ್ಕಿಯಲ್ಲಿ ಚೀಲದ ತುಂಬ ಮಾವಿನಕಾಯಿ! ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯ ಇಂಡಿಯನ್ ಅಂಗಡಿಯಲ್ಲಿ ಹೇಳಿಟ್ಟು ತರಿಸಿದ್ದು, ಯುಗಾದಿಯ ಚಿತ್ರಾನ್ನಕ್ಕೆ. ಅದನ್ನು ಡಬ್ಬಕ್ಕೆ ಹಾಕಬೇಕು ಎಂದೆ.

"ಹಬ್ಬದ ಮಾವಿನಕಾಯಿ ಕಸಕ್ಕಾ?" ಅತ್ತೆ ಕಾರಿನಿಂದ ಇಳಿದೇಬಿಟ್ಟರು. "ತಿನ್ನಬಾರ್ದು ಅಂತ ಬರ್ದಿದಾರಾ?"

"ಇಲ್ಲ, ಒಯ್ಯಬಾರ್ದು ಅಂತ."

"ಮತ್ತೆ? ಹೊಟ್ಟೆ ಒಳಗೆ ಒಯ್ದ್ರೆ ಯಾರು ನೋಡ್ತಾರೆ? ಸುಮ, ಚಾಕು ಕೊಡು. ಉಪ್ಪು ಖಾರದ ಡಬ್ಬಿ ಎಲ್ಲಿದೆ?"

ಮಣೆ ಇಳಿಯಿತು. ಹೆದ್ದಾರಿಯ ಪಕ್ಕ, ಕಸದ ಡಬ್ಬದ ನೆರಳಿನಲ್ಲಿ ಅತ್ತೆ ಮಣೆ ಮೇಲೆ ಕೂತು ಮಾವಿನಕಾಯಿ ಹೆಚ್ಚಿದರು. ನಾವು ಉಪ್ಪು ಖಾರ ಹಚ್ಚಿಕೊಂಡು, ಹುಳಿಗೆ ಕಣ್ಣು ಮುಚ್ಚಿಕೊಂಡು ತಿಂದೆವು. ಕುರಿ ಲಾರಿಗಳು ಹಾರ್ನ್ ಹೊಡೆದುಕೊಂಡು ಹೋದವು. ವಾಟೆ, ಸಿಪ್ಪೆ ಮಾತ್ರ ಡಬ್ಬಕ್ಕೆ ಬಿದ್ದವು. ಅನನ್ಯಾಗೆ ಹಲ್ಲು ಚಳಿತುಹೋಗಿ ರಾತ್ರಿಯ ಊಟ ಸೇರಲಿಲ್ಲ.

ಆ ರಾತ್ರಿ ಹೇ ಎಂಬ ಸಣ್ಣ ಊರಿನ ಮೋಟೆಲಿನಲ್ಲಿ ಉಳಿದೆವು. ನಾಲ್ಕು ಜನರ ಕೋಣೆಗೆ ತೊಂಬತ್ತೈದು ಡಾಲರ್. ಬೆಳಗ್ಗೆ ಎದ್ದು ಎಲ್ಲರೂ ತಲೆಗೆ ಎಣ್ಣೆ ಒತ್ತಿಸಿಕೊಂಡು, ಸರದಿಯಂತೆ ಮಣೆಯ ಮೇಲೆ ಕೂತು ಸ್ನಾನ ಮಾಡಿದೆವು. ಸುಮ ಕ್ಯಾಂಪಿಂಗ್ ಒಲೆಯಲ್ಲಿ ಶಾವಿಗೆ ಪಾಯಸ ಮಾಡಿದಳು. ಬೇವು ಬೆಲ್ಲ ತಿಂದು ಮತ್ತೆ ಹೊರಟೆವು. ಹೇ ಬಯಲಿನಲ್ಲಿ ನೆಲ ಎಷ್ಟು ಸಮವೆಂದರೆ ಎದುರಿನಿಂದ ಬರುವ ಲಾರಿ ಕಾಣಿಸಿಕೊಂಡ ಮೇಲೂ ನಮ್ಮನ್ನು ದಾಟುವುದಕ್ಕೆ ಬಹಳ ಹೊತ್ತು ಬೇಕು. ನಾನು ಸ್ಟೀರಿಂಗ್ ತಟ್ಟಿಕೊಂಡು ಹಾಡು ಹೇಳುತ್ತಿದ್ದೆ. ನನ್ನ ಹಾಡಿಗೆ ಹೆದರಿ ಅನನ್ಯಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಬಾಲ್ರನಾಲ್ಡ್ ಪೇಟೆಯ ಪೆಟ್ರೋಲ್ ಬಂಕಿನಲ್ಲಿ ಪ್ರಕಾಶ ಕಾಯುತ್ತಿದ್ದ. ನಾವಿಬ್ಬರೂ ಓದುವಾಗ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಒಂದೇ ಬಾಡಿಗೆ ಮನೆಯಲ್ಲಿ, ಒಂದೇ ಕುಕ್ಕರಿನ ಅನ್ನ ತಿಂದವರು. ಅವನು ಈಗಲೂ ಅಲ್ಲೇ ಇದ್ದಾನೆ. ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಕೆಲಸ. ಅವನ ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬಿದ್ದದ್ದರಿಂದ ಒಬ್ಬನೇ ಬಂದಿದ್ದ. ಬದಲಿಗೆ ಅವಳು ಮಾಡಿಕೊಟ್ಟ ಹೋಳಿಗೆಯ ದೊಡ್ಡ ಡಬ್ಬಿ ತಂದಿದ್ದ.

"ಆಂಟಿ, ಚಂದ್ರನಿಗೆ ಬುಕ್ ಮಾಡಿದೀವಿ, ಬರ್ಲೇಬೇಕು," ಎಂದು ಅತ್ತೆಯ ಕಾಲಿಗೆ ಬಿದ್ದ.

ಬುಕ್ ಮಾಡಿದ್ದು ನಿಜವೇ. ಮೂರು ವಾರದ ಹಿಂದೆ ಫೋನು ಮಾಡಿ ಕ್ಯಾಂಪಿನ ಜಾಗ ಕೇಳಿದಾಗಲೇ ಪ್ರಕಾಶನಿಗೆ ತಿಳಿದಿತ್ತು, ಈಗ ದಿಬ್ಬಕ್ಕೆ ಬೇಕಾದಾಗ ಹತ್ತುವಂತಿಲ್ಲ ಎಂದು. ಸಂಜೆಗೆ ಬೇರೆ ಟಿಕೆಟು, ಅದೂ ಲೆಕ್ಕದ್ದು. ಶನಿವಾರಕ್ಕೆ ಐದು ಸಿಕ್ಕಿದ್ದವು; ದುಡ್ಡು ಬಾಗಿಲಲ್ಲಿ ಕಟ್ಟುವುದಂತೆ, ಎಷ್ಟೆಂದು ನಾನು ಕೇಳಿರಲಿಲ್ಲ.

ಡಾಂಬರು ಮುಗಿದು ಕೆಂಪು ಮಣ್ಣಿನ ರಸ್ತೆ ಶುರುವಾಯಿತು. ಮಳೆ ಬಂದರೆ ಈ ರಸ್ತೆ ಮುಚ್ಚಿಬಿಡುತ್ತಾರೆ. ಆ ದಿನ ಆಕಾಶ ತೊಳೆದಿಟ್ಟಂತಿತ್ತು, ಬಿಸಿಲು ಹಿತವಾಗಿತ್ತು. ಎಮು ಹಕ್ಕಿಗಳು ಲಂಗ ಎತ್ತಿಕೊಂಡು ಓಡುವವರ ಹಾಗೆ ಕಾರಿನ ಪಕ್ಕ ಓಡಿದವು. ಅತ್ತೆ ಮೊದಲ ಸಲ ಜೋರಾಗಿ ನಕ್ಕರು. ನನಗೂ ಗೆದ್ದಷ್ಟು ಸಂತೋಷವಾಯಿತು. ತಿರುವು ದಾಟಿದರೆ ಪಾರ್ಕಿನ ಬಾಗಿಲು, ಇನ್ನು ನಿಶ್ಶಬ್ದ ಎಂದು ನಾನು ಅವರಿಗೆ ಹೇಳುತ್ತಿದ್ದೆ. ತಿರುವು ದಾಟಿದೆವು. ಮುಂದೆ ಕಾರುಗಳ ಸಾಲು!

ಕಾರು, ಜೀಪು, ಕ್ಯಾರವಾನು, ಮೆಲ್ಬರ್ನಿನ ನಂಬರು, ಸಿಡ್ನಿಯ ನಂಬರು, ಅಡಿಲೇಡಿನ ನಂಬರು. ತಗಡಿನ ಡಬ್ಬಿಯಿದ್ದ ಕಡೆ ಈಗ ಕಿಟಕಿಯುಳ್ಳ ಒಂದು ಕೋಣೆ, ಅಡ್ಡಗಟ್ಟಿದ ಕಂಬ. ಒಳಗೆ ಖಾಕಿ ಟೋಪಿಯ ರೇಂಜರ್ ಹೆಂಗಸು. ಕಾರಿಗೆ ದಿನಕ್ಕೆ ಇಷ್ಟು, ತಲೆಗೆ ಕ್ಯಾಂಪಿನದು ಇಷ್ಟು, ಸಂಜೆಯ ದಿಬ್ಬಕ್ಕೆ ದೊಡ್ಡವರಿಗೆ ಒಂಬತ್ತು ಡಾಲರ್, ಮಕ್ಕಳಿಗೆ ಐದು. ನನ್ನ ಪಿತ್ತ ನೆತ್ತಿಗೇರಿತು. ಸೂರ್ಯ ಮುಳುಗುವುದನ್ನು ನೋಡುವುದಕ್ಕೂ ದುಡ್ಡೇ ಎಂದು ಆಕೆಯನ್ನು ಕೇಳಿದೆ.

ಆಕೆ ಬೇಸರಿಸಿಕೊಳ್ಳಲಿಲ್ಲ. ಜನ ಹೆಚ್ಚಾದಂತೆ ಕಂಡಕಂಡಲ್ಲಿ ತುಳಿದು ದಿಬ್ಬ ಕುಸಿಯುತ್ತಿತ್ತು, ಅದರಲ್ಲಿ ಈ ನೆಲದ ಮೂಲಜನರ ಹಿರಿಯರ ಸಮಾಧಿಗಳಿವೆ, ಅವರೇ ಕೂತು ಮಾತಾಡಿ ಮರದ ಹಲಗೆಯ ದಾರಿ ಮಾಡಿಸಿದ್ದು, ಅದರ ಮೇಲೆ ಒಮ್ಮೆಗೆ ಇಷ್ಟೇ ಜನ ಎಂದು ಗೊತ್ತುಮಾಡಿದ್ದು ಎಂದು ವಿವರಿಸಿದಳು. ಸರಿಯಾದ ಮಾತೇ. ಆದರೂ ನನ್ನ ಹೊಟ್ಟೆಯುರಿ ತಣಿಯಲಿಲ್ಲ. ನನ್ನ ಪಾರ್ಕಿಗೆ ಇವರೆಲ್ಲ ಯಾಕೆ ಬಂದರು ಎನ್ನುವುದು ನನ್ನ ತಕರಾರು. ನಾನೂ ಅದೇ ಸಾಲಿನಲ್ಲಿ ನಿಂತಿದ್ದೇನೆ ಎಂಬುದು ಪ್ರಕಾಶ ಹೇಳುವ ತನಕ ಹೊಳೆಯಲಿಲ್ಲ.

ಸಂಜೆ ಹಲಗೆಯ ದಾರಿ ಹತ್ತಿ ದಿಬ್ಬದ ನೆತ್ತಿಗೆ ಹೋದೆವು. ಜನ ಕಟಕಟೆಗೆ ಒತ್ತಿಕೊಂಡು ಕ್ಯಾಮೆರಾ ಹಿಡಿದು ನಿಂತಿದ್ದರು. ಜನ ಎಷ್ಟೇ ಇರಲಿ, ಆ ಸೂರ್ಯಾಸ್ತ ಮಾತ್ರ ಹಾಗೆಯೇ ಇತ್ತು. ಬಿಳಿ ಮರಳು ಹಳದಿಯಾಗಿ, ಕಿತ್ತಳೆಯಾಗಿ, ಕೊನೆಗೆ ಕುಂಕುಮದ ಬಣ್ಣಕ್ಕೆ ತಿರುಗಿತು. ಸೂರ್ಯ ಬತ್ತಿದ ಕೆರೆಯ ಆಚೆ ದಡಕ್ಕೆ ಇಳಿದ. ಜನ ಚಪ್ಪಾಳೆ ತಟ್ಟಿ ಇಳಿಯತೊಡಗಿದರು. ನಾವು ಕೈಮುಗಿದುಕೊಂಡು ಚಂದ್ರನಿಗಾಗಿ ಕಾದೆವು. ಆಕಾಶ ಕೆಂಪಾಯಿತು, ನೇರಳೆಯಾಯಿತು, ನಕ್ಷತ್ರ ಬಂದವು. ಚಂದ್ರ ಬರಲಿಲ್ಲ. ಮೋಡದ ಒಂದು ಚೂರೂ ಇರಲಿಲ್ಲ, ಆದರೂ ಬರಲಿಲ್ಲ. ಇಳಿಯಬೇಕು ಎಂದು ರೇಂಜರ್ ಟಾರ್ಚು ಬೀಸಿದಳು.

ಕೆಳಗೆ ಬಂದು ಕೋಣೆಯ ಬಾಗಿಲಿಗೆ ಅಂಟಿಸಿದ್ದ ಹಾಳೆ ನೋಡಿ ಪ್ರಕಾಶ ಹಣೆ ಚಚ್ಚಿಕೊಂಡ. ಸೂರ್ಯ ಚಂದ್ರರು ಮುಳುಗುವ ಹೊತ್ತು ಅದರಲ್ಲಿತ್ತು. ಆ ದಿನ ಚಂದ್ರ ಸೂರ್ಯನ ಬೆನ್ನಿಗೇ ಅಂಟಿಕೊಂಡು ಮುಳುಗಿಹೋಗಿದ್ದ.

"ಲೋ, ನಾವು ಬೆಂಗ್ಳೂರು ಕ್ಯಾಲೆಂಡರ್ ನೋಡಿ ಬುಕ್ ಮಾಡಿದೀವಿ. ನಮ್ಗೆ ಸಂಜೆ ಆದಾಗ ಮೈಸೂರಲ್ಲಿ ಇನ್ನೂ ಮಧ್ಯಾಹ್ನದ ಊಟದ ಟೈಮು. ಚಂದ್ರನಿಗೆ ಹೊರಗೆ ಬರೋಕೆ ಪುರ್ಸೊತ್ತೇ ಆಗಿಲ್ಲ. ನಾಳೆ ಸಂಜೆ ಗ್ಯಾರಂಟಿ ಕಾಣ್ತಾನೆ."

ಗೋಡೆಯ ಕ್ಯಾಲೆಂಡರಿನಲ್ಲಿ ಯುಗಾದಿ ಎಂದು ಕೆಂಪಕ್ಷರದಲ್ಲಿ ಬರೆದಿದ್ದರೆ ಚಂದ್ರನೂ ಅದನ್ನು ಓದಿಕೊಂಡು ಎಲ್ಲ ದೇಶಕ್ಕೂ ಒಟ್ಟಿಗೆ ಬರುತ್ತಾನೆಂದು ನಂಬಿದ ನಾವಿಬ್ಬರೂ ಎಂಜಿನಿಯರುಗಳು. ಅತ್ತೆ ಮಾತ್ರ ಸಮಾಧಾನದಿಂದ, "ನಾಳೆ ಬಿದಿಗೆ. ಬಿದಿಗೆ ಚಂದ್ರನ್ನ ನೋಡಿದ್ರೂ ಆಗುತ್ತೆ, ಎಷ್ಟೋ ವರ್ಷ ಹಾಗೇ ನೋಡಿದೀವಿ," ಎಂದರು. ಭಾನುವಾರದ ಟಿಕೆಟು ಕೇಳಿದೆ. ರೇಂಜರ್ ತಲೆಯಾಡಿಸಿದಳು. ರಜೆಯ ವಾರ, ಬಸ್ಸುಗಳು ಬೇರೆ ಬರುತ್ತವೆ, ಎಲ್ಲ ಮುಗಿದಿದೆ. ಯಾರಾದರೂ ಬಾರದೆ ಹೋದರೆ ನಾಳೆ ಮಧ್ಯಾಹ್ನ ಕಿಟಕಿಯಲ್ಲಿ ಕೊಡುತ್ತೇವೆ, ಸಾಲಿನಲ್ಲಿ ನಿಲ್ಲಬೇಕು ಎಂದಳು. ದಿಬ್ಬ ಬಿಟ್ಟು ಬೇರೆಲ್ಲಿಂದಲಾದರೂ ನೋಡೋಣವೆಂದರೆ ಕ್ಯಾಂಪಿನ ಸುತ್ತ ಕುರುಚಲು ಮರಗಳು; ಕೆರೆಯ ಅಂಗಳದಲ್ಲಿ ಕತ್ತಲಾಗುವಾಗ ಯಾರೂ ಇರುವಂತಿಲ್ಲ.

ಊಟದ ಹೊತ್ತಿಗೆ ಸುಮಳ ಮುಖ ಸಪ್ಪಗಾಗಿತ್ತು. ಅತ್ತೆ ಅವಳ ತಟ್ಟೆಗೆ ಹೋಳಿಗೆ ಹಾಕುತ್ತ, "ಬಿಡೇ, ಇಷ್ಟು ದೂರ ಕರ್ಕೊಂಡು ಬಂದ್ರಲ್ಲ, ಅದೇ ಸಾಕು," ಎಂದರು. ಆ ಮಾತು ನನಗೆ ಚುಚ್ಚಿತು. ಸಾಕು ಎಂದರೆ ಇನ್ನು ಊರಿಗೆ ಹೋಗುತ್ತೇನೆ ಎಂದೇ ಅರ್ಥ. ನಾಳೆ ಆ ಚಂದ್ರನನ್ನು ತೋರಿಸಲೇಬೇಕೆಂದು ನಾನು ಹಲ್ಲು ಕಚ್ಚಿದೆ.

ಭಾನುವಾರ ಊಟ ಮುಗಿಸಿದವರೇ ಕಿಟಕಿಯ ಮುಂದೆ ನಿಂತೆವು. ಆಗಲೇ ಸಾಲು ಬೆಳೆದಿತ್ತು. ನಾನು ಗಡಿಯಾರ ನೋಡಿಕೊಂಡು ಶಪಿಸುತ್ತಿದ್ದರೆ ಅತ್ತೆಯ ಮುಖ ಅರಳುತ್ತ ಹೋಯಿತು. ಹಾಲಿನ ಬೂತು, ರೇಷನ್ ಅಂಗಡಿ, ಗ್ಯಾಸಿನ ಆಫೀಸು ಎಂದು ಜೀವನವಿಡೀ ಸಾಲಿನಲ್ಲಿ ನಿಂತವರು. ಸಾಲೆಂದರೆ ಅವರಿಗೆ ಸಂಸಾರ. ಮಣೆ ಹಾಕಿ ಕೂತು, ಹಿಂದೆ ಮುಂದೆ ಇದ್ದವರಿಗೆಲ್ಲ ಹೋಳಿಗೆ ಮುರಿದು ಕೊಟ್ಟರು. ಸಾಲಿನ ಪಕ್ಕ, ಬೆಂಡಿಗೋ ಊರಿನಿಂದ ಬಸ್ಸಿನಲ್ಲಿ ಬಂದ, ಟಿಕೆಟು ಮೊದಲೇ ಮಾಡಿಸಿಕೊಂಡಿದ್ದ ಅಜ್ಜಿಯರ ಒಂದು ದಂಡು ನೆರಳಿಗೆ ಕೂತಿತ್ತು. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆಟದ ಕ್ಲಬ್ಬಿನವರಂತೆ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ನಡುವೆ ಅನನ್ಯಾ.

"ಆ ನೀಲಿ ಟೋಪಿಯವ್ರಿಗೆ ಮಕ್ಕಳೆಷ್ಟು ಕೇಳೇ."

"ಅಜ್ಜಿ, ದ್ಯಾಟ್ಸ್ ರೂಡ್!"

"ಕೇಳೋದ್ರಲ್ಲಿ ಏನು ರೂಡು? ಕೇಳು ನೀನು."

ಕೇಳಿದಳು. ನೀಲಿ ಟೋಪಿಯ ಅಜ್ಜಿಗೆ ನಾಲ್ವರು ಮಕ್ಕಳು, ಹೆಸರು ಡೋರೀನ್. ಒಂದು ಪ್ರಶ್ನೆಗೆ ಹತ್ತು ಮಾತು ಹೇಳುವ ಹೆಂಗಸು. ಸ್ವಲ್ಪ ಹೊತ್ತಿನಲ್ಲಿ ಅತ್ತೆಯ ಮಣೆಯ ಸುತ್ತ ಮಡಿಸುವ ಕುರ್ಚಿಗಳು ಬಂದವು. ಮಂಡಿ ನೋವು, ಸೊಸೆಯಂದಿರು, ಬಿಪಿ ಮಾತ್ರೆ ಎಲ್ಲ ವಿಷಯ ಬಂದು ಹೋದವು. ನನ್ನ ಒಂಬತ್ತು ವರ್ಷದ ಮಗಳಿಗೆ ಒಂದೇ ಮಧ್ಯಾಹ್ನದಲ್ಲಿ ಪ್ರಪಂಚಜ್ಞಾನ ಬಂದುಬಿಟ್ಟಿತು.

ಕಿಟಕಿ ತೆರೆಯಿತು. ನಮ್ಮ ಸರದಿ ಬಂದಾಗ ಉಳಿದದ್ದು ಎರಡೇ ಟಿಕೆಟ್. ತಾಯಿ ಮಗಳು ಹೋಗಿಬರಲಿ, ನಾವು ಕೆಳಗಿರುತ್ತೇವೆ ಎಂದೆ. ಅತ್ತೆ ಒಪ್ಪಲಿಲ್ಲ.

"ಇಬ್ರೇ ಹೋಗಿ ಏನ್ ಮಾಡೋಣ? ಚಂದ್ರನ್ನ ನೋಡಿದ್ ಮೇಲೆ ನಮಸ್ಕಾರಕ್ಕೆ ಜನ ಬೇಡ್ವಾ? ಅನನ್ಯಾ, ಡೋರೀನಮ್ಮನ್ನ ಕೇಳು, ಅವರ ಹತ್ರ ಮೂರು ಇದ್ಯಾ ಅಂತ."

"ಅತ್ತೆ, ಇಲ್ಲಿ ಹಾಗೆಲ್ಲ ಕೇಳಬಾರ್ದು," ಎಂದೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಹನ್ನೆರಡು ಹದಿಮೂರು ವರ್ಷ ಈ ದೇಶದಲ್ಲಿದ್ದು ನಾನು ಕಲಿತದ್ದು ಯಾರನ್ನೂ ಏನನ್ನೂ ಕೇಳದಿರುವುದನ್ನೇ.

"ಕೊಡದಿದ್ರೆ ಇಲ್ಲ ಅಂತಾರೆ. ಕೇಳಿದ್ರೆ ಗಂಟೇನು ಹೋಗುತ್ತೆ?"

ಅನನ್ಯಾ ಓಡಿದಳು. ಚಂದ್ರ, ಹೊಸ ವರ್ಷ, ಹಿರಿಯರಿಗೆ ನಮಸ್ಕಾರ ಎಲ್ಲವನ್ನೂ ಕೈಬಾಯಿ ತಿರುಗಿಸಿ ಹೇಳಿದಳು. ಅಜ್ಜಿಯರು ತಮ್ಮತಮ್ಮಲ್ಲೇ ಗುಸುಗುಸು ಮಾಡಿದರು. ಡೋರೀನ್ ಎದ್ದು ಬಂದು ನನ್ನ ಕೈಗೆ ಮೂರು ಟಿಕೆಟು ತುರುಕಿದಳು. ಮೂವರಿಗೆ ಮಂಡಿ ನೋವಂತೆ, ಆ ಮೆಟ್ಟಿಲು ಅವರಿಗೆ ಮೊದಲೇ ಬೇಡವಾಗಿತ್ತಂತೆ, ಬಸ್ಸಿನಲ್ಲಿ ಚಹಾ ಕುಡಿಯುತ್ತಾರಂತೆ. ದುಡ್ಡು ಕೊಡಹೋದರೆ ಕೈ ತಳ್ಳಿದಳು. ಒಂದೇ ಶರತ್ತು, ಚಂದ್ರ ಬರುವಾಗ ತಾನು ನಿಮ್ಮತ್ತೆಯ ಪಕ್ಕವೇ ನಿಲ್ಲಬೇಕು ಎಂದಳು. ಕಿಟಕಿಯಲ್ಲಿದ್ದ ರೇಂಜರ್, ತಲೆಗಳ ಲೆಕ್ಕ ಸರಿಯಿದ್ದರೆ ತನ್ನದೇನೂ ಅಡ್ಡಿಯಿಲ್ಲ ಎಂದಳು.

ದಿಬ್ಬದ ನೆತ್ತಿಗೆ ಹೋಗುವಷ್ಟರಲ್ಲಿ ಸುದ್ದಿ ಎಲ್ಲರಿಗೂ ಹಬ್ಬಿತ್ತು. ಸೂರ್ಯ ಮುಳುಗಿದ. ಚಪ್ಪಾಳೆಯಾಯಿತು. ಆದರೆ ಒಬ್ಬರೂ ಕೆಳಗಿಳಿಯಲಿಲ್ಲ! ಕ್ಯಾರವಾನಿನವರು, ಬಸ್ಸಿನವರು, ಹೆಗಲ ಮೇಲೆ ಮಗು ಕೂರಿಸಿಕೊಂಡವರು ಎಲ್ಲ ಕತ್ತೆತ್ತಿ ಆಕಾಶದಲ್ಲಿ ಹುಡುಕತೊಡಗಿದರು. ಅತ್ತೆ ಸೂರ್ಯ ಮುಳುಗಿದ ಜಾಗದ ಸರಿ ನೆತ್ತಿಯ ಮೇಲೆ ಕಣ್ಣು ನೆಟ್ಟಿದ್ದರು. ನಾವೂ ಅಲ್ಲೇ ನೋಡಿದೆವು. ಕೆಂಪು ಕರಗುತ್ತ ಬಂತು. ಪ್ರಕಾಶ ಗ್ಯಾರಂಟಿ ಎಂದಿದ್ದವನು ನನ್ನ ಕಣ್ಣು ತಪ್ಪಿಸಿದ. ಸುಮ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು. ರೇಂಜರ್ ಟಾರ್ಚು ಹೊತ್ತಿಸಿದಳು. ಇಷ್ಟೆಲ್ಲ ಮಾಡಿ ಇವತ್ತೂ ಇಲ್ಲವೇ ಎಂದು ಆ ದೇವರನ್ನೇ ಬೈಯುವುದರಲ್ಲಿದ್ದೆ.

ಆಗ ಅಡಿಲೇಡಿನ ಕ್ಯಾರವಾನಿನ ಮುದುಕನೊಬ್ಬ, "ನೀವೆಲ್ಲ ಎಲ್ಲಿ ನೋಡ್ತಿದೀರಿ? ಇಲ್ಲಿ ಈ ಕಾಲದಲ್ಲಿ ಅದು ಬಲಕ್ಕೆ ಬರೋದು," ಎಂದು ಇಂಗ್ಲಿಷಿನಲ್ಲಿ ಕೂಗಿ ಕೈ ಚಾಚಿದ.

ಎಲ್ಲರೂ ಬಲಕ್ಕೆ ತಿರುಗಿದೆವು. ಸೂರ್ಯ ಮುಳುಗಿದ ಕಡೆಯಿಂದ ಬಹಳ ದೂರ, ಉತ್ತರದ ಕಡೆಗೆ, ನೆಲಕ್ಕೆ ಹತ್ತಿರದಲ್ಲಿ, ಉಗುರಿನ ಅಂಚಿನಷ್ಟು ಸಣ್ಣ ಚಂದ್ರ! ಬಹುಶಃ ನಾವು ಹುಡುಕುತ್ತಿದ್ದಷ್ಟು ಹೊತ್ತೂ ಅಲ್ಲೇ ಇದ್ದ. ನಾನು ಕಿರುಚಿದೆ. ಸುಮ ಕಿರುಚಿದಳು. ಇಡೀ ದಿಬ್ಬವೇ ಹೋ ಎಂದಿತು.

"ಅಯ್ಯೋ, ಅಲ್ಲಿದಾನೆ! ನಾನು ನಮ್ಮೂರಲ್ಲಿ ಬರೋ ಜಾಗ್ದಲ್ಲೇ ಹುಡುಕ್ತಾ ನಿಂತಿದ್ನಲ್ಲ!" ಅತ್ತೆ ಎರಡೂ ಕೈಯೆತ್ತಿ ಮುಗಿದರು. ಕಣ್ಣಲ್ಲಿ ನೀರು ಧಾರಾಕಾರ, ಬಾಯಿ ತುಂಬ ನಗು.

ಹಲಗೆಯ ಮೇಲೆಯೇ ನಾನು, ಸುಮ, ಪ್ರಕಾಶ, ಅನನ್ಯಾ ಒಬ್ಬೊಬ್ಬರಾಗಿ ಅವರ ಕಾಲಿಗೆ ನಮಸ್ಕಾರ ಮಾಡಿದೆವು. ಜನ ಜಾಗ ಬಿಟ್ಟು ನಿಂತು ನೋಡಿದರು. ನಮ್ಮನ್ನು ನೋಡಿ ಡೋರೀನಳೂ ಕಟಕಟೆ ಹಿಡಿದು ಬಗ್ಗುವುದಕ್ಕೆ ಹೊರಟಳು. ಅತ್ತೆ ಗಾಬರಿಯಿಂದ ಅವಳ ಹೆಗಲು ಹಿಡಿದುಕೊಂಡರು.

"ಇರಿ ಇರಿ! ಅನನ್ಯಾ, ಇವರ ವಯಸ್ಸೆಷ್ಟು ಕೇಳು."

ಎಂಬತ್ತನಾಲ್ಕು ಎಂದಳು ಡೋರೀನ್. ಅತ್ತೆಗೆ ಅರವತ್ತೆಂಟು. ಅವರು ಸೆರಗು ಸರಿಮಾಡಿಕೊಂಡು, ನಿಧಾನವಾಗಿ ಬಗ್ಗಿ ಡೋರೀನಳ ಬಿಳಿ ಬೂಟುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಡೋರೀನ್ ಏನು ಮಾಡಬೇಕೆಂದು ತಿಳಿಯದೆ ಅವರನ್ನು ಎತ್ತಿ ತಬ್ಬಿಕೊಂಡಳು.

ಇಳಿದು ಬರುವಾಗ ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. "ವಠಾರದಲ್ಲಿ ಈಗ ನಾನೇ ಎಲ್ಲರಿಗಿಂತ ದೊಡ್ಡೋಳು ಅಳಿಯಂದಿರೇ. ಎಲ್ರೂ ನಂಗೆ ನಮಸ್ಕಾರ ಮಾಡೋರು, ನಾನ್ಯಾರಿಗೂ ಮಾಡೋ ಹಾಗಿರ್ಲಿಲ್ಲ. ಎಷ್ಟು ವರ್ಷ ಆಗಿತ್ತು!" ಎಂದರು. ಐದು ವರ್ಷದ ಹಿಂದಿನಂತೆ ಆ ದಿಬ್ಬ ಖಾಲಿಯಾಗಿದ್ದಿದ್ದರೆ ನಾವು ನಾಲ್ಕೈದು ಜನ ತಪ್ಪು ದಿಕ್ಕಿಗೆ ನೋಡಿ, ಚಂದ್ರನಿಲ್ಲವೆಂದುಕೊಂಡು ಇಳಿದು ಬರುತ್ತಿದ್ದೆವು.

ಸೋಮವಾರ ಬೆಳಗ್ಗೆ ಚಳಿಯಲ್ಲಿ ಟೆಂಟು ಬಿಚ್ಚಿದೆವು. ಪ್ರಕಾಶ ಮೆಲ್ಬರ್ನಿಗೆ ಹೊರಟುಹೋದ. ಬೆಂಡಿಗೋದ ಬಸ್ಸು ಹೊರಡುವ ಮುಂಚೆ ಡೋರೀನ್ ತನ್ನ ಫೋನ್ ನಂಬರನ್ನು ಅನನ್ಯಾಳ ಅಂಗೈ ಮೇಲೆಯೇ ಬರೆದು ಕೊಟ್ಟಳು. ನಾವು ಪಾರ್ಕಿನ ಬಾಗಿಲಿಗೆ ಬಂದಾಗ ಅದೇ ರೇಂಜರ್ ಕಿಟಕಿಯಿಂದ ತಲೆ ಹೊರಹಾಕಿ ಏನೋ ಹೇಳಿದಳು. ನಾನು ಥ್ಯಾಂಕ್ಸ್ ಹೇಳಿ ಗೇರು ಹಾಕಿದೆ.

"ಏನಂತೆ?" ಎಂದರು ಅತ್ತೆ.

"ಏನಿಲ್ಲ ಅತ್ತೆ. ವರ್ಷದ ಪಾಸು ಅಂತ ಇದೆಯಂತೆ. ಈಗ ಕಟ್ಟಿರೋ ಎರಡು ದಿನದ ದುಡ್ಡನ್ನ ಅದಕ್ಕೇ ಹಿಡ್ಕೊತಾರಂತೆ, ಮಿಕ್ಕಿದ್ದು ಕೊಟ್ರೆ ಇವತ್ತಿಂದ ಒಂದು ವರ್ಷ ಎಷ್ಟು ಸಲ ಬೇಕಾದ್ರೂ ಬರ್ಬಹುದು. ಇವರ ವ್ಯಾಪಾರಾನೇ ಇಷ್ಟು."

ಅತ್ತೆ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು.

"ಮುಂದಿನ ಯುಗಾದಿ ಈ ಸಲಕ್ಕಿಂತ ಸ್ವಲ್ಪ ಮುಂಚೆನೇ ಬರುತ್ತೆ. ವರ್ಷ ಮುಗಿಯೋದ್ರೊಳಗೇ ಬೀಳುತ್ತೆ. ವರ್ಷದ್ದೇ ಮಾಡ್ಸಿ ಅಳಿಯಂದಿರೇ, ಇನ್ನೊಂದ್ಸಲ ಯಾಕೆ ಕಟ್ಟೋದು?"

ನನ್ನ ಕಾಲು ಬ್ರೇಕಿನ ಮೇಲೆಯೇ ನಿಂತುಬಿಟ್ಟಿತು. ಕನ್ನಡಿಯಲ್ಲಿ ನೋಡಿದೆ. ಸುಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ನಮ್ಮ ಹಿಂದೆ ನಿಂತ ಜೀಪಿನವನು ಹಾರ್ನ್ ಒತ್ತಿದ. ಸುಮ ಬಾಗಿಲು ತೆರೆದು, ಚಪ್ಪಲಿಯನ್ನೂ ಮೆಟ್ಟದೆ ಕಿಟಕಿಯ ಕಡೆ ಓಡಿದಳು.